ಶೆಡ್ಡಿನೊಳಗಿನ ಡೆಟ್ರಾಯಿಟ್

ಹಳೇ ಕಾರಿನ ಹುಚ್ಚು ಹತ್ತಿದ ಇಬ್ಬರು ಎದುರಾದರೆ ಯೋಗಕ್ಷೇಮದ ಮಾತು ಆಮೇಲೆ. "ಓಡ್ತಾ ಇದೆಯಾ?" ಎನ್ನುವುದು ಮೊದಲು. ಗಾಂಧಿ ಬಜಾರಿನ ಹೋಟೆಲಿನಲ್ಲಿ ದೋಸೆ ಬರುವುದು ಸ್ವಲ್ಪ ತಡವಾದರೆ ಸಾಕು, ಆ ಮಾತು ಕಾರ್ಬ್ಯುರೇಟರಿಗೆ ತಿರುಗಿ, ಡೈನಮೋಗೆ ಹಾದು, ಫೋರ್ಡ್ ಮೇಲೋ ಷೆವ್ರೊಲೆ ಮೇಲೋ ಎಂಬ ಎಂದೂ ಇತ್ಯರ್ಥವಾಗದ ವ್ಯಾಜ್ಯಕ್ಕೆ ಬಂದು ನಿಲ್ಲುತ್ತದೆ. ಬಸವನಗುಡಿ, ಮಲ್ಲೇಶ್ವರ, ಚಾಮರಾಜಪೇಟೆಗಳಲ್ಲಿ ಈ ಜನ ಈಗಲೂ ಇದ್ದಾರೆ. ಅವರ ನೆನಪು, ಅವರ ಜಗಳ, ಅದರ ಮೇಲೆ ನನ್ನದೂ ಒಂದು ತಕರಾರು, ಇದು ಇವತ್ತಿನ ಮಾತು.

ಹಳೇ ಕಾರು ಎಂದ ಕೂಡಲೇ ಮಹಾರಾಜರು, ರೋಲ್ಸ್‌ರಾಯ್ಸ್, ಬೆಳ್ಳಿ ಹಿಡಿಕೆ ಕಣ್ಣ ಮುಂದೆ ಬರುತ್ತವೆ. ಅವು ಅರಮನೆಗೆ ಸೇರಿದವು, ಅಲ್ಲಿಯೇ ಇರಲಿ. ನಾನು ಹೇಳುತ್ತಿರುವುದು ಡಾಕ್ಟರು, ವಕೀಲರು, ಕಾಫಿ ತೋಟದ ಸಾಹುಕಾರರು, ಬಸ್ ಸರ್ವೀಸಿನ ಮಾಲೀಕರು ಇಟ್ಟುಕೊಂಡಿದ್ದ ಅಮೆರಿಕದ ಗಾಡಿಗಳ ವಿಚಾರ. ಫೋರ್ಡ್, ಷೆವ್ರೊಲೆ, ಪ್ಲಿಮತ್, ಡಾಡ್ಜ್, ಡಿಸೋಟೊ, ಬ್ಯೂಕ್, ಸ್ಟುಡಿಬೇಕರ್. ನಮ್ಮ ಜನ ಇವಕ್ಕೆಲ್ಲ ಸೇರಿಸಿ ಇಟ್ಟಿದ್ದ ಹೆಸರು ಒಂದೇ: ದೊಡ್ಡ ಗಾಡಿ.

ಬ್ರಿಟಿಷರ ಆಳ್ವಿಕೆಯ ಕಾಲದಲ್ಲಿ ಅಮೆರಿಕದ ಕಾರಿಗೆ ಇಷ್ಟು ಗಿರಾಕಿ ಹೇಗೆ ಬಂತು ಎಂದು ಕೇಳಬಹುದು. ಇಂಗ್ಲೆಂಡಿನಲ್ಲಿ ಕಾರಿನ ತೆರಿಗೆಯನ್ನು ಸಿಲಿಂಡರಿನ ಅಗಲದ ಲೆಕ್ಕದಲ್ಲಿ ಹಾಕುತ್ತಿದ್ದರು. ತೆರಿಗೆ ಉಳಿಸಲು ಅಲ್ಲಿಯವರು ಸಣಕಲು ಸಿಲಿಂಡರಿನ ಸಣ್ಣ ಎಂಜಿನ್ ಕಟ್ಟಿದರು. ಅವರ ನುಣುಪು ರಸ್ತೆಗೆ ಅದು ಸಾಕಾಗುತ್ತಿತ್ತು. ನಮ್ಮ ಚಿಕ್ಕಮಗಳೂರಿನ ಏರಿಗೆ, ತುಮಕೂರಿನಾಚೆಯ ಗಾಡಿಜಾಡಿಗೆ ಸಾಲುತ್ತಿರಲಿಲ್ಲ. ಅಮೆರಿಕದವರಿಗೆ ಆ ತೆರಿಗೆಯ ಕಾಟ ಇರಲಿಲ್ಲ, ಅವರ ಹಳ್ಳಿ ರಸ್ತೆಗಳೂ ನಮ್ಮವಕ್ಕಿಂತ ಮೇಲಾಗಿರಲಿಲ್ಲ. ಹೀಗಾಗಿ ಅಗಲ ಎಂಜಿನ್, ನೆಲದಿಂದ ಎತ್ತರಕ್ಕೆ ನಿಲ್ಲುವ ಮೈ, ಏಳು ಜನ ಕೂತರೂ ತಿಣುಕದ ಶಕ್ತಿ. ಬೆಲೆಯೂ ಕೈಗೆಟುಕುವಂತಿತ್ತು. ಫೋರ್ಡ್ ಕಂಪನಿ 1926ರಲ್ಲಿ ಇಲ್ಲಿ ಅಂಗಸಂಸ್ಥೆ ತೆರೆಯಿತು. ಅದರ ಯಜಮಾನಿಕೆ ಕೆನಡಾದ ಫೋರ್ಡಿನದು. ಕೆನಡಾ ಆಗ ಬ್ರಿಟಿಷ್ ಸಾಮ್ರಾಜ್ಯದೊಳಗಿನ ದೇಶ. ಜನರಲ್ ಮೋಟರ್ಸ್ 1928ರಲ್ಲಿ ಮುಂಬಯಿಯ ಸೇವ್ರಿಯಲ್ಲಿ ಷೆವ್ರೊಲೆ ಜೋಡಿಸಲು ಶುರು ಮಾಡಿತು. ಪೆಟ್ಟಿಗೆಯಲ್ಲಿ ಬಿಡಿಬಿಡಿಯಾಗಿ ಬಂದ ಗಾಡಿ ಸೇವ್ರಿಯಲ್ಲಿ ಗಾಡಿಯಾಗಿ ಹೊರಬಂದು ಮೈಸೂರು ಸಂಸ್ಥಾನದವರೆಗೂ ಹರಿಯಿತು.

ಮಾಡೆಲ್ ಟಿ ಎಂಬ ಫೋರ್ಡು 1908ರಿಂದ 1927ರವರೆಗೆ ಒಂದೂವರೆ ಕೋಟಿ ತಯಾರಾಯಿತು. ಇವತ್ತು ಕಾರು ಓಡಿಸುವವರು ಅದರಲ್ಲಿ ಕೂತರೆ ಎರಡೇ ನಿಮಿಷದಲ್ಲಿ ಗೋಡೆಗೆ ಗುದ್ದುತ್ತಾರೆ. ಕಾಲ ಕೆಳಗೆ ಮೂರು ಪೆಡಲ್ ಇವೆ, ಆದರೆ ಎಡಗಡೆಯದು ಗೇರು, ನಡುವಿನದು ರಿವರ್ಸು, ಬಲಗಡೆಯದು ಬ್ರೇಕು. ಆಕ್ಸಲರೇಟರು ಕಾಲಿಗಿಲ್ಲ, ಸ್ಟೇರಿಂಗಿನ ಬಲಕ್ಕೆ ಸಣ್ಣ ಹಿಡಿಯಾಗಿ ಇದೆ. ಎಡಗಡೆಯ ಹಿಡಿ ಕಿಡಿಯ ಹೊತ್ತನ್ನು ಹಿಂದೆ ಮುಂದೆ ಮಾಡುವುದಕ್ಕೆ. ಆ ಹಿಡಿಯನ್ನು ಮೇಲಕ್ಕೆ ತಳ್ಳುವುದನ್ನು ಮರೆತು ಮುಂದಿನಿಂದ ಹ್ಯಾಂಡಲ್ ತಿರುಗಿಸಿದರೆ ಎಂಜಿನ್ ಹಿಂದಕ್ಕೆ ಒದ್ದು ಮಣಿಕಟ್ಟನ್ನೇ ಮುರಿಯುತ್ತಿತ್ತು. ಅದಕ್ಕೇ ಹ್ಯಾಂಡಲ್ ಹಿಡಿಯುವಾಗ ಹೆಬ್ಬೆರಳನ್ನು ಸುತ್ತಿ ಹಿಡಿಯಬಾರದು, ನಾಲ್ಕು ಬೆರಳಿನ ಜೊತೆಗೇ ಒಂದೇ ಕಡೆ ಇಡಬೇಕು. ಆ ಕಾಲದ ಡ್ರೈವರುಗಳಿಗೆ ಇದೇ ಮೊದಲ ಪಾಠ. ಪೆಟ್ರೋಲಿಗೆ ಪಂಪು ಇಲ್ಲ, ಸೀಟಿನಡಿಯ ಟ್ಯಾಂಕಿನಿಂದ ತಾನಾಗಿ ಇಳಿಯಬೇಕು. ಟ್ಯಾಂಕಿನಲ್ಲಿ ತಳಮಟ್ಟ ಉಳಿದಾಗ ಕಡಿದಾದ ಏರು ಬಂದರೆ ಗಾಡಿ ನಿಂತೇಹೋಗುತ್ತಿತ್ತು. ಡ್ರೈವರು ಇಳಿದು ಬೀಡಿ ಹಚ್ಚಿ, ಗಾಡಿ ತಿರುಗಿಸಿ, ಬೆಟ್ಟವನ್ನು ಹಿಮ್ಮುಖವಾಗಿ ಹತ್ತಿಸುತ್ತಿದ್ದ!

ಈ ಗಾಡಿಗಳನ್ನು ಬೆಂಗಳೂರಿನ ಹಳೇ ಬಡಾವಣೆಗಳು ಹೇಗೆ ಒಳಗೆ ಕರೆದುಕೊಂಡವು ಎನ್ನುವುದೂ ನೋಡಬೇಕಾದ್ದೇ. ಚಾಮರಾಜಪೇಟೆ ತಲೆಯೆತ್ತಿದ್ದು 1892ರಲ್ಲಿ. 1898ರ ಪ್ಲೇಗಿನ ಭಯಕ್ಕೆ ಪೇಟೆ ಬಿಟ್ಟ ಜನ ಬಸವನಗುಡಿ, ಮಲ್ಲೇಶ್ವರ ಸೇರಿದರು. ನೇರ ರಸ್ತೆ, ಮನೆಯ ಮುಂದೆ ಪೋರ್ಟಿಕೋ, ಪಕ್ಕದಲ್ಲಿ ಜಟಕಾಗೋ ಸಾರೋಟಿಗೋ ಒಂದು ಗಾಡಿಖಾನೆ. ಮುಂದೆ ಕುದುರೆ ಹೋಗಿ ಕಾರು ಬಂದಾಗ ಆ ಗಾಡಿಖಾನೆಯೇ ಕಾರ್ ಶೆಡ್ ಆಯಿತು. ಮಾರಿಸ್, ಆಸ್ಟಿನ್ ಮರಿಗಳು ಅದರಲ್ಲಿ ಸಲೀಸಾಗಿ ಹಿಡಿದವು. 1940ರ ದಶಕದ ಕೊನೆಯ ಪ್ಲಿಮತ್ ಬಂದಾಗ ಬಾಗಿಲು ಮುಚ್ಚುವುದು ಕಷ್ಟವಾಯಿತು. 1959ರ ಷೆವ್ರೊಲೆ ಇಂಪಾಲ ಬಂದಾಗಲಂತೂ ಕೇಳಬೇಡಿ, ಉದ್ದ ಹದಿನೇಳೂವರೆ ಅಡಿ, ಹಿಂದೆ ಬಾವಲಿಯ ರೆಕ್ಕೆಯ ಹಾಗೆ ಚಾಚಿದ ಎರಡು ಅಂಚು. ಇಂಥ ಗಾಡಿ ಕೊಂಡವರು ಮೊದಲು ಕರೆಯಬೇಕಾದ್ದು ಗಾರೆ ಮೇಸ್ತ್ರಿಯನ್ನು. ಶೆಡ್ಡಿನ ಹಿಂದಿನ ಗೋಡೆ ಒಡೆದು ಬಚ್ಚಲುಮನೆಯ ಕಡೆಗೆ ಎರಡಡಿ ಒತ್ತರಿಸಿದ ಮನೆಗಳನ್ನು ಬಲ್ಲವರು ಇನ್ನೂ ಇದ್ದಾರೆ.

ನಾವು ಹುಡುಗರಾಗಿದ್ದಾಗ ಚಾಮರಾಜಪೇಟೆಯ ನಮ್ಮ ರಸ್ತೆಯಲ್ಲಿ ಡಾಕ್ಟರೊಬ್ಬರ ಪ್ಲಿಮತ್ ಇತ್ತು. ಆರು ವೋಲ್ಟಿನ ಬ್ಯಾಟರಿ. ಧನುರ್ಮಾಸದ ಚಳಿಗೆ ಸೆಲ್ಫ್ ಹೊಡೆದರೆ ನರಳುತ್ತಿತ್ತೇ ಹೊರತು ತಿರುಗುತ್ತಿರಲಿಲ್ಲ. ಆಗ ನಮ್ಮನ್ನು ಕರೆಯುತ್ತಿದ್ದರು. ತಳ್ಳಿದವರಿಗೆ ಮಕ್ಕಳ ಕೂಟದವರೆಗೆ ಸವಾರಿ. ಹೀಗಾಗಿ ಇವತ್ತು ಸ್ಟಾರ್ಟ್ ಆಗದಿರಲಿ ಎಂದು ಹರಕೆ ಹೊರುತ್ತಿದ್ದವರೇ ನಾವು. ಡ್ಯಾಷ್‌ಬೋರ್ಡಿನಲ್ಲಿ ವಾಲ್ವ್ ರೇಡಿಯೋ ಇತ್ತು. ಗುಂಡಿ ತಿರುಗಿಸಿದರೆ ಮೊದಲು ಗುಂಯ್ ಎಂದು, ಅರ್ಧ ನಿಮಿಷ ಕಾದು ಬಿಸಿಯಾದ ಮೇಲೆ ಮಾತಾಡುತ್ತಿತ್ತು. ಆಕಾಶವಾಣಿಯ ವಾರ್ತೆಯ ಮುಖ್ಯಾಂಶ ಯಾವತ್ತೂ ತಪ್ಪಿಹೋಗುತ್ತಿತ್ತು.

ಇರಲಿ. ಇನ್ನು ನನ್ನ ತಕರಾರಿಗೆ ಬರುತ್ತೇನೆ. ಅದಕ್ಕೆ ಮೊದಲು ಸರ್ ಎಂ. ವಿಶ್ವೇಶ್ವರಯ್ಯನವರನ್ನು ನೆನೆಯಬೇಕು.

1935ರಲ್ಲಿ, ಎಪ್ಪತ್ತು ದಾಟಿದ ವಯಸ್ಸಿನಲ್ಲಿ, ಅವರು ಯೂರೋಪು ಅಮೆರಿಕಗಳಿಗೆ ಹೋಗಿ ಮೋಟಾರು ಕಾರ್ಖಾನೆಗಳನ್ನು ನೋಡಿಬಂದರು. ಭಾರತದಲ್ಲೇ ಕಾರು ತಯಾರಾಗಬೇಕೆಂದು ಯೋಜನೆ ಬರೆದರು. ಉದ್ಯಮಿ ವಾಲ್‌ಚಂದ್ ಹೀರಾಚಂದ್ ಜೊತೆಗೂಡಿದರು. ಮೊದಲು ಮುಂಬಯಿಯಲ್ಲಿ ಎಂದಾಗಿತ್ತು. ಅಲ್ಲಿ ಬಿ.ಜಿ. ಖೇರರ ಮಂತ್ರಿಮಂಡಲ 1939ರಲ್ಲಿ ರಾಜೀನಾಮೆ ಕೊಟ್ಟ ಮೇಲೆ ಕಣ್ಣು ಮೈಸೂರಿನ ಕಡೆ ತಿರುಗಿತು. ದಿವಾನ್ ಮಿರ್ಜಾ ಇಸ್ಮಾಯಿಲ್ ಬೆಂಬಲಕ್ಕೆ ನಿಂತರು. ಫೋರ್ಡ್ ಜೊತೆ ಮಾತುಕತೆ ಕುದುರಲಿಲ್ಲ, 1940ರಲ್ಲಿ ಕ್ರೈಸ್ಲರ್ ಜೊತೆ ಕುದುರಿತು. ಆದರೆ ಯುದ್ಧದ ನೆಪ ಮುಂದಿಟ್ಟುಕೊಂಡು ಬ್ರಿಟಿಷ್ ಸರ್ಕಾರ ಅಡ್ಡಗಾಲು ಹಾಕಿತು. ಕ್ರೈಸ್ಲರ್ ಎಂದರೆ ಪ್ಲಿಮತ್, ಡಾಡ್ಜ್, ಡಿಸೋಟೊಗಳ ತಾಯಿ ಕಂಪನಿ. ಆ ಯೋಜನೆ ಕೈಗೂಡಿದ್ದರೆ ಇವು ನಮ್ಮ ಸಂಸ್ಥಾನದಲ್ಲೇ ಹುಟ್ಟುತ್ತಿದ್ದವು. ಕಡೆಗೆ ವಾಲ್‌ಚಂದರು 1944ರಲ್ಲಿ ಪ್ರೀಮಿಯರ್ ಆಟೊಮೊಬೈಲ್ಸ್ ಕಟ್ಟಿ, 1947ರಲ್ಲಿ ಮುಂಬಯಿಯ ಕುರ್ಲಾದಲ್ಲಿ ಅದೇ ಕಾರುಗಳನ್ನು ಜೋಡಿಸಿದರು.

ಕಾರು ಕೈತಪ್ಪಿದ ಬೆಂಗಳೂರಿಗೆ ಸಿಕ್ಕಿದ್ದು ವಿಮಾನ. ಕಾರಿನ ಮಾತುಕತೆಗೆಂದು ಹೋದ ಅಮೆರಿಕ ಪ್ರವಾಸದಲ್ಲಿ ವಾಲ್‌ಚಂದರಿಗೆ ವಿಲಿಯಂ ಪಾಲಿ ಎಂಬ ಅಮೆರಿಕದ ವಿಮಾನ ಉದ್ಯಮಿಯ ಭೇಟಿಯಾಯಿತು. 1940ರ ಡಿಸೆಂಬರಿನಲ್ಲಿ ಮೈಸೂರು ಸರ್ಕಾರದ ನೆರವಿನಿಂದ ಇಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಶುರುವಾಯಿತು. 1943ರಲ್ಲಿ ಅದನ್ನು ಅಮೆರಿಕದ ಸೇನೆಯ ವಾಯುಪಡೆ ವಹಿಸಿಕೊಂಡು, ವಿಮಾನ ಮತ್ತು ಎಂಜಿನ್ನುಗಳನ್ನು ಬಿಚ್ಚಿ ಸರಿಪಡಿಸುವ ದೊಡ್ಡ ಕಾರ್ಯಾಗಾರ ಮಾಡಿಕೊಂಡಿತು. ಊರಿನ ಹುಡುಗರು ಅಮೆರಿಕದ ಎಂಜಿನ್ನಿನ ಮೇಲೆ, ಅಮೆರಿಕದ ಅಳತೆಯ ಸ್ಪ್ಯಾನರು ಹಿಡಿದು ಕೆಲಸ ಕಲಿತರು. ಇದೇನು ಮಹಾ ಎನ್ನಬೇಡಿ. ಇಂಗ್ಲೆಂಡಿನ ಕಾರಿಗೆ ವಿಟ್‌ವರ್ತ್ ಸ್ಪ್ಯಾನರು, ಅಮೆರಿಕದ್ದಕ್ಕೆ ಬೇರೆ. ಒಂದರದ್ದನ್ನು ಇನ್ನೊಂದಕ್ಕೆ ಹಾಕಿದರೆ ನಟ್ಟಿನ ಮೂಲೆ ಸವೆದು ಉರುಟಾಗುತ್ತದೆ. ಆಮೇಲೆ 1953ರಲ್ಲಿ ಯಂತ್ರ ತಯಾರಿಸುವ ಎಚ್‌ಎಂಟಿ ಬಂತು, ಅದೇ ದಶಕದಲ್ಲಿ ಆಡುಗೋಡಿಯಲ್ಲಿ ಎಂಜಿನ್ ಬಿಡಿಭಾಗದ ಮೈಕೋ ಬಂತು. ಇಂಚನ್ನು ಸಾವಿರ ಭಾಗ ಮಾಡಿ, ಅದರಲ್ಲಿ ಒಂದೊಂದನ್ನೂ "ಒಂದು ಥೌ, ಎರಡು ಥೌ" ಎಂದು ಮಾತಿನ ನಡುವೆ ಹೇಳುವ ಜನ ಗಲ್ಲಿಗಲ್ಲಿಯಲ್ಲೂ ಕಾಣಿಸಿಕೊಂಡರು. ಕಲಾಸಿಪಾಳ್ಯ, ಜೆ.ಸಿ. ರಸ್ತೆ, ಎಸ್.ಜೆ.ಪಿ. ರಸ್ತೆಗಳ ಸಂದಿಯಲ್ಲಿ ಒಂದು ಲೇತು, ಒಂದು ಡ್ರಿಲ್ಲು ಇಟ್ಟುಕೊಂಡ ಮೇಸ್ತ್ರಿಗಳು ಕೂತರು.

ಇಷ್ಟೆಲ್ಲ ಹೇಳಿದ್ದು ಯಾಕೆಂದರೆ, 1953ರಲ್ಲಿ ಸುಂಕ ಆಯೋಗದ ಶಿಫಾರಸಿನ ಮೇಲೆ, ಇಲ್ಲೇ ಭಾಗಗಳನ್ನು ತಯಾರಿಸುವ ಯೋಜನೆ ಇಲ್ಲದ ಕಂಪನಿಗಳು ಜಾಗ ಖಾಲಿ ಮಾಡಬೇಕಾಯಿತು. ಫೋರ್ಡ್ ಹೊರಟಿತು, 1954ರ ಹೊತ್ತಿಗೆ ಜನರಲ್ ಮೋಟರ್ಸೂ ಹೊರಟಿತು. ಬಿಡಿಭಾಗ ಬರುವ ದಾರಿ ಮುಚ್ಚಿತು. ರಸ್ತೆಯ ಮೇಲಿದ್ದ ಷೆವ್ರೊಲೆಗಳು ಐದು ವರ್ಷದಲ್ಲಿ ಗುಜರಿ ಸೇರಬೇಕಿತ್ತು, ಸೇರಲಿಲ್ಲ. ಕಾರಣ ಮಾಲೀಕರ ಪ್ರೀತಿ ಎನ್ನುತ್ತಾರೆ. ನಾನು ಒಪ್ಪುವುದಿಲ್ಲ. ಪ್ರೀತಿಯಿಂದ ಬೇರಿಂಗ್ ಆಗುವುದಿಲ್ಲ, ಬೇರಿಂಗನ್ನು ಯಾರಾದರೂ ಎರಕ ಹೊಯ್ಯಬೇಕು.

ಆ ಎರಕದ ಕೆಲಸವನ್ನು ಸ್ವಲ್ಪ ಹತ್ತಿರದಿಂದ ಹೇಳಿಬಿಡುತ್ತೇನೆ. 1952ರವರೆಗಿನ ಷೆವ್ರೊಲೆ ಆರು ಸಿಲಿಂಡರ್ ಎಂಜಿನ್ನಿನಲ್ಲಿ ಕನೆಕ್ಟಿಂಗ್ ರಾಡಿಗೆ ಅಂಗಡಿಯಲ್ಲಿ ಕೊಂಡು ಹಾಕುವ ಬೇರಿಂಗ್ ಚಿಪ್ಪು ಇಲ್ಲ. ರಾಡಿನ ಒಳಮೈಗೇ ಬಿಳಿ ಲೋಹ ಹೊಯ್ದಿರುತ್ತಾರೆ. ತವರ, ಆಂಟಿಮನಿ, ತಾಮ್ರ ಬೆರೆತ ಮೆತ್ತಗಿನ ಲೋಹ ಅದು. ಸವೆದಾಗ ಏರಿನಲ್ಲಿ ಕೆಳಗಿನಿಂದ ಟಕ ಟಕ ಸದ್ದು ಬರುತ್ತದೆ. ಮೇಸ್ತ್ರಿ ಮೊದಲು ಹಳೇ ಲೋಹವನ್ನು ಕರಗಿಸಿ ಇಳಿಸುತ್ತಾನೆ. ಒಳಮೈಯನ್ನು ಉಜ್ಜಿ ಶುದ್ಧ ಮಾಡಿ ತವರದ ಕಲಾಯಿ ಹಾಕುತ್ತಾನೆ. ಬೀದಿಯಲ್ಲಿ ಹಿತ್ತಾಳೆ ಪಾತ್ರೆಗೆ ಹಾಕುತ್ತಿದ್ದರಲ್ಲ, ಅದೇ ಕಲಾಯಿ. ಅದಿಲ್ಲದಿದ್ದರೆ ಎರಕ ಕಚ್ಚುವುದಿಲ್ಲ. ರಾಡನ್ನು ಕಾಯಿಸಿ, ನಡುವೆ ಉಕ್ಕಿನ ಗುಂಡು ಸರಳು ನಿಲ್ಲಿಸಿ, ಸುತ್ತ ಜೇಡಿಮಣ್ಣು ಮೆತ್ತಿ, ಕರಗಿದ ಲೋಹವನ್ನು ಒಂದೇ ಧಾರೆಯಲ್ಲಿ ಹೊಯ್ಯಬೇಕು. ಕೈ ತಡೆದರೆ ಪದರ ಬೀಳುತ್ತದೆ, ಆ ಪದರದಲ್ಲೇ ನಾಳೆ ಬಿರುಕು. ಆರಿದ ಮೇಲೆ ಲೇತಿನ ಮೇಲೆ ಕೊರೆತ. ಅಲ್ಲಿಗೆ ಅರ್ಧ ಕೆಲಸ. ಮುಂದೆ ಕ್ರ್ಯಾಂಕಿಗೆ ತೆಳುವಾಗಿ ನೀಲಿ ಬಣ್ಣ ಹಚ್ಚಿ, ರಾಡು ಕೂರಿಸಿ, ಒಂದು ಸುತ್ತು ತಿರುಗಿಸಿ ಬಿಚ್ಚುತ್ತಾನೆ. ನೀಲಿ ಹತ್ತಿದ ಜಾಗ ಉಬ್ಬು. ಅದನ್ನು ಕೈಯ ಸ್ಕ್ರೇಪರಿನಿಂದ ಉಗುರಿನಲ್ಲಿ ಕೆರೆದಷ್ಟು ಮಾತ್ರ ತೆಗೆದು, ಮತ್ತೆ ನೀಲಿ, ಮತ್ತೆ ಕೂರಿಸು, ಮತ್ತೆ ಬಿಚ್ಚು. ಒಳಮೈಯ ತುಂಬ ನೀಲಿ ಸಮನಾಗಿ ಚುಕ್ಕಿಯಿಟ್ಟಾಗ ಸರಿ. ಉಳಿಯಬೇಕಾದ ಸಂದು ಎರಡು ಥೌ ಆಸುಪಾಸು. ಮುಂದೆ ಸವೆದರೆ ಬಿಗಿ ಮಾಡಲು ಎರಡು ಹೋಳಿನ ನಡುವೆ ಕಾಗದದಷ್ಟು ತೆಳುವಾದ ಹಿತ್ತಾಳೆ ಹಾಳೆಗಳನ್ನು ಮೊದಲೇ ಇಟ್ಟಿರುತ್ತಾನೆ. ಆರು ಸಿಲಿಂಡರು, ಆರು ರಾಡು. ಅವಸರದ ಗಿರಾಕಿಯನ್ನು ಕಂಡರೆ ಇಂಥ ಮೇಸ್ತ್ರಿಗಳಿಗೆ ಆಗುತ್ತಿರಲಿಲ್ಲ ಎಂದರೆ ಆಶ್ಚರ್ಯವೇನು!

ಪ್ಲಿಮತ್, ಡಾಡ್ಜ್ ಪಕ್ಷದವರು ಇಲ್ಲೇ ಮೀಸೆ ತಿರುವುತ್ತಾರೆ. ಅವರ ಗಾಡಿಗೆ ಚಿಪ್ಪು ಬೇರಿಂಗು. ಬ್ರೇಕೂ ಅಷ್ಟೆ: ಪ್ಲಿಮತ್ 1928ರಲ್ಲಿ ಹುಟ್ಟುವಾಗಲೇ ನಾಲ್ಕು ಚಕ್ರಕ್ಕೂ ಹೈಡ್ರಾಲಿಕ್ ಬ್ರೇಕು ಇತ್ತು, ಷೆವ್ರೊಲೆಗೆ ಬಂದದ್ದು 1936ರಲ್ಲಿ. ಹೆನ್ರಿ ಫೋರ್ಡ್ ಮಹಾಶಯರು 1938ರ ಮಾಡೆಲ್‌ವರೆಗೂ ಹಟ ಹಿಡಿದು ಸರಳು, ತಂತಿಗಳಲ್ಲೇ ಬ್ರೇಕು ಎಳೆಸಿದರು. ಫೋರ್ಡಿನವರು ಸುಮ್ಮನಿರುತ್ತಾರೆಯೇ? "ವಿ-8 ಸದ್ದು ಕೇಳಿದ್ದೀಯಾ?" ಎನ್ನುತ್ತಾರೆ. 1932ರಲ್ಲಿ ಸಾಮಾನ್ಯ ಬೆಲೆಗೆ ಎಂಟು ಸಿಲಿಂಡರು ಕೊಟ್ಟ ಪುಣ್ಯಾತ್ಮನೂ ಅದೇ ಹೆನ್ರಿ ಫೋರ್ಡ್. ಆ ಎಂಜಿನ್ನಿನಲ್ಲಿ ಉರಿದ ಹೊಗೆ ಬ್ಲಾಕಿನ ಒಳಗಿನಿಂದಲೇ ಹಾದುಹೋಗಬೇಕಾದ್ದರಿಂದ ಅದು ಬೇಗ ಕಾಯುತ್ತಿತ್ತು. ನಂದಿಬೆಟ್ಟ ಅರ್ಧ ಹತ್ತುವಷ್ಟರಲ್ಲಿ ಪೆಟ್ರೋಲು ಪೈಪಿನಲ್ಲೇ ಆವಿಯಾಗಿ ಗಾಡಿ ನಿಲ್ಲುತ್ತಿತ್ತು. ಪೆಟ್ರೋಲ್ ಪಂಪಿನ ಮೇಲೆ ಒದ್ದೆ ಬಟ್ಟೆ ಹಾಕಿ ಕಾಯುವುದೇ ಔಷಧ. ಡಾಡ್ಜಿನವರಿಗೂ ಪ್ಲಿಮತ್ತಿನವರಿಗೂ ಒಳಜಗಳ ಬೇರೆ. ಅದಕ್ಕೆ ಅರ್ಥವೇ ಇಲ್ಲ. ನಮ್ಮಲ್ಲಿಗೆ ಬಂದ ಡಾಡ್ಜ್ ಕಿಂಗ್ಸ್‌ವೇ ಮುಖ ಬದಲಿಸಿದ ಪ್ಲಿಮತ್ತೇ.

ಇನ್ನು ದೊಡ್ಡ ಜಗಳ ಡೀಸೆಲಿನದು. 1973ರ ತೈಲ ಬಿಕ್ಕಟ್ಟಿನ ಮೇಲೆ ಪೆಟ್ರೋಲಿನ ಬೆಲೆ ಏರಿತು. ಲೀಟರಿಗೆ ಐದಾರು ಕಿಲೋಮೀಟರು ಕೊಡುವ ಗಾಡಿಯನ್ನು ಬಾಡಿಗೆಗೆ ಬಿಟ್ಟವರು ಏನು ಮಾಡಬೇಕು? ಪೆಟ್ರೋಲ್ ಎಂಜಿನ್ ಇಳಿಸಿ ಪರ್ಕಿನ್ಸ್ ಡೀಸೆಲೋ, ಆಮೇಲೆ ಮ್ಯಾಟಡೋರ್ ಎಂಜಿನ್ನೋ ಕೂರಿಸಿದರು. ಮಂಗಳೂರು, ಮಲೆನಾಡುಗಳ ಬಾಡಿಗೆ ಕಾರುಗಳಲ್ಲಿ ಇದು ಸಾಮಾನ್ಯವಾಗಿತ್ತು. ಇವತ್ತಿನ ಶುದ್ಧವಾದಿಗಳಿಗೆ ಇದು ಮಹಾಪಾಪ. ಇಂಥ ಗಾಡಿ ಸಿಕ್ಕರೆ ಮೊದಲು ಡೀಸೆಲ್ ಎಂಜಿನ್ ಕಿತ್ತು ತೂಕಕ್ಕೆ ಹಾಕುತ್ತಾರೆ, ಇಂಟರ್‌ನೆಟ್ಟಿನಲ್ಲಿ ಅಮೆರಿಕದಿಂದ ಭಾಗ ತರಿಸುತ್ತಾರೆ, ಕ್ಯಾಟಲಾಗ್ ನೋಡಿ ಬಣ್ಣ ಹೊಡೆಸುತ್ತಾರೆ. ಗಾಡಿ ಥಳಥಳ ಹೊಳೆಯುತ್ತದೆ. ಆದರೆ ಅದು ಇಲ್ಲಿ ಬಾಳಿದ್ದಕ್ಕೆ ಗುರುತೇ ಉಳಿಯುವುದಿಲ್ಲ. ಇದೇ ನನ್ನ ತಕರಾರು. ಆ ಎಂಜಿನ್ ಕೂರಿಸಲು ಯಾರೋ ಒಬ್ಬ ಮೇಸ್ತ್ರಿ ಹೊಸ ಮೌಂಟಿಂಗ್ ಬೆಸುಗೆ ಹಾಕಿದ್ದ, ಗೇರ್ ಬಾಕ್ಸಿಗೆ ಹೊಂದುವ ತಟ್ಟೆಯನ್ನು ಲೇತಿನಲ್ಲಿ ತಿರುಗಿಸಿದ್ದ, ಭಾರ ತಡೆಯಲೆಂದು ಸ್ಪ್ರಿಂಗಿಗೆ ಒಂದು ಪಟ್ಟಿ ಹೆಚ್ಚಿಗೆ ಸೇರಿಸಿದ್ದ. ಯಾವ ಕ್ಯಾಟಲಾಗಿನಲ್ಲೂ ಇಲ್ಲದ ಎಂಜಿನಿಯರಿಂಗ್ ಅದು. ಈ ಕಾರುಗಳ ತವರಾದ ಡೆಟ್ರಾಯಿಟಿನಲ್ಲಿ ಹೊಳೆಯುವ ಮೂಲ ಡಾಡ್ಜ್‌ಗಳಿಗೆ ಬರವಿಲ್ಲ. ಡೀಸೆಲ್ ಹಾಕಿಸಿಕೊಂಡು ಆಗುಂಬೆ ಘಾಟಿ ಹತ್ತಿದ ಡಾಡ್ಜ್ ಇರುವುದು ನಮ್ಮಲ್ಲಿ ಮಾತ್ರ. ಧರ್ಮಸ್ಥಳದ ಮಂಜೂಷಾದಲ್ಲಿ, ಶ್ರೀರಂಗಪಟ್ಟಣದ ಹತ್ತಿರದ 'ಪಯಣ'ದಲ್ಲಿ ಹಳೇ ಕಾರುಗಳ ದೊಡ್ಡ ಸಂಗ್ರಹಗಳಿವೆ, ಖಂಡಿತ ನೋಡಿಬನ್ನಿ. ಅಂಥ ಕಡೆ ಒಂದಾದರೂ ಡೀಸೆಲ್ ಡಾಡ್ಜ್ ಇದ್ದ ಹಾಗೆಯೇ, ಮಸಿ ಮೆತ್ತಿದ ಹಾಗೆಯೇ ನಿಲ್ಲಬೇಕು ಎನ್ನುವುದು ನನ್ನ ಆಸೆ.

ಕಾನೂನಿನ ಮಾತು ಎರಡು. 2021ರ ನಿಯಮದಂತೆ ಮೊದಲ ನೋಂದಣಿಯಾಗಿ 50 ವರ್ಷ ದಾಟಿದ, ಮೂಲರೂಪದಲ್ಲಿರುವ ಗಾಡಿಯನ್ನು ವಿಂಟೇಜ್ ಎಂದು ನೋಂದಾಯಿಸಬಹುದು. ನಂಬರ್ ಪ್ಲೇಟಿನಲ್ಲಿ 'ವಿಎ' ಎಂಬ ಗುರುತು ಬರುತ್ತದೆ. ಹೊಸ ನೋಂದಣಿಗೆ 20,000 ರೂಪಾಯಿ, ಅವಧಿ 10 ವರ್ಷ. ಪ್ರದರ್ಶನಕ್ಕೆ, ರ‍್ಯಾಲಿಗೆ, ರಿಪೇರಿಗೆ, ಪೆಟ್ರೋಲ್ ಹಾಕಿಸಲು ಒಯ್ಯಬಹುದು, ದಿನನಿತ್ಯದ ಓಡಾಟಕ್ಕಿಲ್ಲ. ಮೂಲರೂಪ ಎಂಬ ಈ ಷರತ್ತಿನಲ್ಲಿ ನಮ್ಮ ಡೀಸೆಲ್ ಡಾಡ್ಜಿಗೆ ಜಾಗ ಸಿಗುವುದು ಕಷ್ಟ. ಇದರ ಮೇಲೆ ಪೆಟ್ರೋಲಿನ ತೊಂದರೆ. ಈಗ ಬಂಕಿನಲ್ಲಿ ಹೆಚ್ಚಾಗಿ ಸಿಗುವುದು ಶೇಕಡ 20 ಎಥನಾಲ್ ಬೆರೆತದ್ದು. ಎಥನಾಲ್ ನೀರು ಹೀರುತ್ತದೆ, ಹಳೇ ರಬ್ಬರನ್ನು ತಿನ್ನುತ್ತದೆ. ಆ ಕಾಲದ ಡಯಾಫ್ರಮ್ಮು, ಹೋಸುಗಳನ್ನು ಬದಲಿಸಿಕೊಳ್ಳದವರು ಬೆಂಕಿಯ ಜೊತೆ ಆಟವಾಡುತ್ತಿದ್ದಾರೆ, ದಯವಿಟ್ಟು ಗಮನಿಸಿ.

ಅಮೆರಿಕದ ಕಂಪನಿಗಳು ಎರಡನೇ ಸಲವೂ ಬಂದು ಹೋದವು ಎನ್ನುವುದು ನಿಮಗೆ ಗೊತ್ತು. ಷೆವ್ರೊಲೆ 2017ರಲ್ಲಿ ಇಲ್ಲಿ ಮಾರಾಟ ನಿಲ್ಲಿಸಿತು, ಫೋರ್ಡ್ 2021ರಲ್ಲಿ ಕಾರ್ಖಾನೆ ಮುಚ್ಚುವುದಾಗಿ ಹೇಳಿತು. ಮೊದಲ ಸಲ ಅವರು ಹೋದಾಗ ಗಾಡಿಗಳನ್ನು ಉಳಿಸಿದ ಮೇಸ್ತ್ರಿಗಳಿಗೆ ಈಗ ವಯಸ್ಸಾಗಿದೆ, ಹಲವರು ಇಲ್ಲ. ಲೋಹ ಹೊಯ್ದು ನೀಲಿ ಹಚ್ಚಿ ಕೆರೆಯುವುದನ್ನು ಕಲಿಯಲು ಹುಡುಗರು ಬರುವುದಿಲ್ಲ. ಬಂದರೂ ವರ್ಷಕ್ಕೆ ಬೆರಳೆಣಿಕೆಯ ಗಾಡಿಗಳಿಂದ ಅವರ ಹೊಟ್ಟೆ ತುಂಬುವುದಿಲ್ಲ. ಇದಕ್ಕೆ ಉಪಾಯ ನನಗೆ ತೋಚಿಲ್ಲ.

ಆದರೆ ನೀವು ಮಾಡಬಹುದಾದ್ದು ಒಂದಿಷ್ಟಿದೆ. ನಿಮ್ಮ ಮನೆಯ ಶೆಡ್ಡಿನಲ್ಲೋ ಅಟ್ಟದಲ್ಲೋ ಎಂವೈ ಎಂದು ಶುರುವಾಗುವ ಹಳೇ ಮೈಸೂರು ನಂಬರಿನ ಗಾಡಿಯ ಆರ್‌ಸಿ ಪುಸ್ತಕ, ಹಳೇ ರಸೀದಿ, ಕಾರಿನ ಮುಂದೆ ಮನೆಮಂದಿ ನಿಂತ ಫೋಟೋ ಇದ್ದರೆ ರದ್ದಿಗೆ ಹಾಕಬೇಡಿ. ಗಾಡಿ ಮಾರಿದರೆ ಅವನ್ನೂ ಜೊತೆಗೇ ಕೊಡಿ, ಒಂದು ಪ್ರತಿ ನೀವು ಇಟ್ಟುಕೊಳ್ಳಿ. ಗಾಡಿಯನ್ನು ಹೊಸದು ಮಾಡಿಸುವ ಮೊದಲು ಬಾನೆಟ್ ತೆಗೆದು ಇದ್ದದ್ದನ್ನು ಇದ್ದಂತೆ ಚಿತ್ರ ತೆಗೆಯಿರಿ. ಆ ಗಾಡಿಯನ್ನು ನೋಡಿಕೊಂಡ ಮೇಸ್ತ್ರಿ ಬದುಕಿದ್ದರೆ ಈ ವಾರವೇ ಹೋಗಿ, ಕಾಫಿ ಕೊಡಿಸಿ, ಅವರು ಹೇಳುವುದನ್ನು ನಿಮ್ಮ ಮೊಬೈಲಿನಲ್ಲಿ ಮುದ್ರಿಸಿಕೊಳ್ಳಿ. ಅವರ ಹೆಸರು, ಗ್ಯಾರೇಜು ಇದ್ದ ಬೀದಿ, ಕೆಲಸ ಕಲಿಸಿದ ಗುರುವಿನ ಹೆಸರು, ಈ ಮೂರನ್ನು ಕೇಳುವುದು ಮಾತ್ರ ಮರೆಯಬೇಡಿ.